ಕೊನೆಯ ಕಿಟಕಿ

ಹೊಸ ಕಸುಬಿನ ಮೊದಲ ದಿನ. ಉದ್ದನೆಯ ಕೋಲಿನ ತುದಿಯ ಬ್ರಷ್ಷಿನಿಂದ ನೀರು ಚಿಮ್ಮಿಸುತ್ತ, ಅವನು ಅಂಗಳದಲ್ಲಿ ನಿಂತೇ ಮಹಡಿಯ ಕಿಟಕಿಗಳನ್ನು ತೊಳೆಯುತ್ತಿದ್ದ. ಒಳಗೆ ಕಾಲಿಡುವುದಿಲ್ಲವೆಂದೇ ಮನೆಯೊಡತಿ ಒಪ್ಪಿದ್ದಳು.

ಕೊನೆಯ ಕಿಟಕಿಯ ಹೊತ್ತಿಗೆ ಅವನು ತಂದಿದ್ದ ನೀರು ಮುಗಿಯಿತು.

"ಅಮ್ಮಾ, ಒಂದು ಬಕೆಟ್ ಫಿಲ್ಟರ್ ನೀರು ಕೊಡ್ತೀರಾ? ನಲ್ಲಿ ನೀರಲ್ಲಿ ಉಪ್ಪು ಜಾಸ್ತಿ. ನಾವು ಗಾಜು ಬಟ್ಟೇಲಿ ಒರೆಸಲ್ಲ ನೋಡಿ, ಹಾಗೇ ಒಣಗಿದ್ರೆ ಕಲೆ ಬೀಳುತ್ತೆ."

"ಥೂ! ನಾವು ಕುಡಿಯೋ ನೀರಿಗೆ ನಿನ್ನ ಬಕೆಟ್ಟಾ? ದೂರ ಇಡು."

ಮೂಗು ಮುಚ್ಚಿಕೊಂಡು, ಕೊಡ ತಾಗದಂತೆ ಎತ್ತರದಿಂದ ಸುರಿದಳು.

"ಹನಿ ಸಿಡಿದ್ರೂ ಕೊಡಾನ ಹುಣಸೆಹಣ್ಣು ಹಾಕಿ ಬೆಳಗ್ಬೇಕು, ಕರ್ಮ!"

ಅವನು ನೀರಿನ ಉಪ್ಪು ಅಳೆಯುವ ಪುಟ್ಟ ಮೀಟರನ್ನು ಅದ್ದಿ ನೋಡಿದ. ಬಕೆಟ್ಟನ್ನು ಅವಳತ್ತ ಸರಿಸಿದ.

"ಇದೂ ಗಾಜಿಗೆ ಆಗಲ್ಲಮ್ಮ. ನೀವೇ ಕುಡೀರಿ."