ಕತ್ತಿ ಹಿಡಿದ ಕೈ

ಯಾರ ಪರವೂ ನಿಲ್ಲದವರು ಕನ್ನಡಿಯಲ್ಲಿ ಕಾಣಿಸದಂತಾಗಿ ವರ್ಷಗಳೇ ಕಳೆದಿದ್ದವು. ಊರು ಅದಕ್ಕೆ ಒಗ್ಗಿಹೋಗಿತ್ತು. ಹನುಮಂತರಾಜುವಿನ ಸೆಲೂನಿನ ಕನ್ನಡಿಯಲ್ಲಿ ಕತ್ತರಿ, ಬಾಚಣಿಗೆ ತಾವಾಗಿಯೇ ಓಡಾಡಿದರೆ ಮಕ್ಕಳೂ ತಿರುಗಿ ನೋಡುತ್ತಿರಲಿಲ್ಲ.

"ಇಲ್ಲಿ ರಾಜಕೀಯ ಮಾತನಾಡಬಾರದು" ಎಂಬ ಬೋರ್ಡು ಅವನೇ ಹಾಕಿದ್ದು. ಅವನ ಅಪ್ಪನ ಕಾಲದಲ್ಲಿ ಇದೇ ಅಂಗಡಿ ಸಂತೆಯಂತಿತ್ತು. ಅರ್ಧ ಗಡ್ಡ ಕೆರೆದು ಅಪ್ಪ ವಾದಕ್ಕೆ ನಿಂತನೆಂದರೆ ಗಿರಾಕಿಯ ಇನ್ನೊಂದು ಕೆನ್ನೆಯ ನೊರೆ ಒಣಗಿಹೋಗುತ್ತಿತ್ತು. ಆದರೂ ಅದೇ ಗಿರಾಕಿ ಜಗಳ ಮುಂದುವರಿಸಲು ಮತ್ತೆ ಬರುತ್ತಿದ್ದ.

ಇಂದು ಕುರ್ಚಿಯಲ್ಲಿ ಬಾಲ್ಯದ ಗೆಳೆಯ ಓಬಳೇಶ ಕುಳಿತಿದ್ದ. ಕೆರೆಯಂಚಿನ ಅವನ ಕೇರಿಯನ್ನು ಕೆಡವಬೇಕೋ ಬೇಡವೋ ಎಂದು ಊರೇ ಎರಡಾಗಿತ್ತು. ಸಂಜೆ ಅದಕ್ಕಾಗಿಯೇ ಸಭೆ.

"ನಮ್ಮ ಪರ ಒಂದು ಮಾತಾಡ್ತೀಯೇನೋ ರಾಜು?"

"ನನಗೆ ಎರಡೂ ಕಡೆಯವರು ಬೇಕು ಕಣೋ. ನಾನು ಯಾರಿಗೂ ಕೆಟ್ಟದ್ದು ಮಾಡೋನಲ್ಲ," ಎನ್ನುತ್ತ ಹನುಮಂತರಾಜು ಒಂದು ಕೆನ್ನೆ ಮುಗಿಸಿ ಕತ್ತಿಯನ್ನು ಗಂಟಲಿಗೆ ತಂದ.

ಓಬಳೇಶ ಕನ್ನಡಿಯನ್ನೇ ನೋಡುತ್ತಿದ್ದ. "ನನಗೆ ಕುತ್ತಿಗೆ ಮೇಲಿರೋ ಕತ್ತಿ ಮಾತ್ರ ಕಾಣ್ತಿದೆ ಕಣೋ. ಹಿಡಿದಿರೋನು ಕಾಣ್ತಿಲ್ಲ."

ಕೈ ನಿಂತುಬಿಟ್ಟಿತು. ಹಿಂದಿನ ಬೆಂಚಿನಲ್ಲಿ, ಕೇರಿ ಕೆಡವಲೇಬೇಕೆಂದು ಹಟ ಹಿಡಿದಿದ್ದ ಕಾಂಟ್ರಾಕ್ಟರ್ ತಿಪ್ಪೇಸ್ವಾಮಿ ಪೇಪರ್ ಓದುತ್ತಿದ್ದರು. ಹನುಮಂತರಾಜು ಅವರತ್ತ ತಿರುಗಿದ.

"ಅವರ ಮನೆ ಕೆಡವೋದು ತಪ್ಪು ಸಾರ್."

"ಏನಂದೆ?" ತಿಪ್ಪೇಸ್ವಾಮಿ ಪೇಪರ್ ಎಸೆದು ಎದ್ದರು.

ಮಾತಿಗೆ ಮಾತು ಬೆಳೆಯಿತು. ಕನ್ನಡಿಯಲ್ಲಿ ನರೆಗೂದಲಿನವನೊಬ್ಬ ಕತ್ತಿ ಹಿಡಿದ ಕೈ ಬೀಸಿ ವಾದಿಸುತ್ತಿದ್ದ. ಅಪ್ಪನೇ ಬಂದನೇ ಎಂದು ಹನುಮಂತರಾಜು ಬೆಚ್ಚಿದ.

ಓಬಳೇಶ ಕದಲಲಿಲ್ಲ. ಅವನ ಇನ್ನೊಂದು ಕೆನ್ನೆಯ ಮೇಲೆ ನೊರೆ ಒಣಗುತ್ತಿತ್ತು.