ಹೆಸರಿನ ಆಚೀಚೆ ಅಲೆ

ಪರದೆ ಸರಿಯಿತು, ಚಪ್ಪಾಳೆ ಶುರುವಾಯಿತು, ಅರ್ಧಕ್ಕೇ ನಿಂತಿತು. ಅಮ್ಮ ಜೀವಮಾನವಿಡೀ ದುಡಿದ ಗ್ರಂಥಾಲಯದ ಗೋಡೆಯಲ್ಲಿ ಕೂರಿಸಿದ್ದ ಕಪ್ಪು ಕಲ್ಲನ್ನು ನೋಡಿ ಹ್ಯಾಶಣ್ಣನ ಮುಖ ಹುಳ್ಳಗಾಯಿತು. ‘ಅಮ್ಮನ ನೆನಪಿಗೆ’ ಎಂಬ ಸಾಲಿನ ಮುಂದೆ ಕಿಟಕಿಯ ಸರಳಿನಂಥ ಒಂದು ಹ್ಯಾಶ್ ಗುರುತು. ಹಿರಿಯ ಮಗನಾದ ಅವನ ಹೆಸರಿನ ಈ ಕಡೆ ಎರಡು ನಕ್ಷತ್ರ, ಆ ಕಡೆ ಎರಡು ನಕ್ಷತ್ರ. ಅದರ ಕೆಳಗೆ, ಇರಲೇಬಾರದಾಗಿದ್ದ ತಂಗಿಯ ಹೆಸರು! ಅದರ ಆಚೀಚೆ ಬಳುಕುವ ಗೀಟಿನಂಥ ಎರಡೆರಡು ಅಲೆ.

ಹ್ಯಾಶಣ್ಣ ಎಂಬುದು ಮನೆಯವರೇ ಇಟ್ಟ ಅಡ್ಡಹೆಸರು. ಯಂತ್ರಗಳ ಕೈಪಿಡಿ ಬರೆಯುವ ಕೆಲಸ ಅವನದು. ದಪ್ಪಕ್ಷರಕ್ಕಾಗಿ ಕಂಪ್ಯೂಟರಿನಲ್ಲಿ ಗುಂಡಿ ಹುಡುಕುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಬರಿಯ ಅಕ್ಷರದಲ್ಲೇ ಬರೆಯಿರಿ, ಶೀರ್ಷಿಕೆಗೆ ಮುಂದೊಂದು ಹ್ಯಾಶ್, ದಪ್ಪಕ್ಷರಕ್ಕೆ ಆಚೀಚೆ ಎರಡು ನಕ್ಷತ್ರ, ಗೀಟೆಳೆದು ಹೊಡೆದುಹಾಕಬೇಕಾದ ಪದಕ್ಕೆ ಆಚೀಚೆ ಎರಡು ಅಲೆ, ಮಿಕ್ಕಿದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ! ಈ ಉಪದೇಶ ಕೇಳದೆ ಅವನ ಮನೆಯಲ್ಲಿ ಕಾಫಿ ಕುಡಿದು ಎದ್ದವರಿಲ್ಲ. ಅವನ ಆಫೀಸಿನ ಪಕ್ಕದ ಆಸ್ಪತ್ರೆಯಲ್ಲಿ ಮಲಗಿದ್ದ ತಂಗಿಯ ಗಂಡನನ್ನೂ ಅವನು ಬಿಟ್ಟಿರಲಿಲ್ಲ. ಪಾಪ, ಆಪರೇಷನ್ ಆದವರು, ಎದ್ದು ಓಡುವ ಹಾಗಿರಲಿಲ್ಲ.

ಕಲ್ಲಿನ ಬರಹವನ್ನೂ ಹಾಗೆಯೇ ಬರೆದಿದ್ದ. ಮೊದಲು ಅದರಲ್ಲಿ ತಂಗಿಯ ಹೆಸರಿತ್ತು. ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡವಳು ಅವಳೇ ತಾನೆ. ಆದರೆ ಫೋನಿನಲ್ಲಿ ಅವಳು, “ಅಮ್ಮ ಇದ್ದಾಗ ಒಂದ್ಸಲ ಬಂದು ಪಕ್ಕದಲ್ಲಿ ಕೂತಿದ್ರೆ ಸಾಕಿತ್ತು ಅಣ್ಣ. ಈಗ ಈ ಕಲ್ಲು ಯಾರಿಗೆ?” ಎಂದುಬಿಟ್ಟಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎಂಥವರಿಗೂ ಸಿಟ್ಟು ಬರುತ್ತದೆ. ಫೋನ್ ಇಟ್ಟವನೇ ಅವಳ ಹೆಸರಿನ ಆಚೀಚೆ ಎರಡೆರಡು ಅಲೆ ಒತ್ತಿದ. ಹೆಸರನ್ನು ಅಳಿಸಿಯೇ ಬಿಡಬಹುದಿತ್ತು, ಆದರೆ ಹೊಡೆದುಹಾಕುವುದರಲ್ಲಿ ಇರುವ ಸುಖ ಅಳಿಸುವುದರಲ್ಲಿ ಎಲ್ಲಿದೆ? ಸ್ಕ್ರೀನಿನ ಮೇಲೆ ಹೆಸರಿನ ಮಧ್ಯೆ ನೀಟಾಗಿ ಒಂದು ಗೀಟು ಬಿತ್ತು. ಹೊಟ್ಟೆ ತಣ್ಣಗಾಯಿತು. ಗೀಟು ಬಿದ್ದ ಹೆಸರು ಕಲ್ಲಿನ ಮೇಲೆ ಬರುವುದಿಲ್ಲ ಎಂಬುದು ಅವನ ಲೆಕ್ಕ. ಅದನ್ನೇ ಕಲ್ಲು ಕೆತ್ತುವವನಿಗೆ ಕಳಿಸಿ, “ಇದ್ದ ಹಾಗೇ ಬರಬೇಕು. ಒಂದು ಚುಕ್ಕೆ ಹೆಚ್ಚುಕಮ್ಮಿ ಆದ್ರೂ ನಾನು ಒಪ್ಪಲ್ಲ” ಎಂದು ಗದರಿಸಿಯೂ ಇದ್ದ. ಅಲೆಯನ್ನು ಗೀಟು ಮಾಡಿ ತೋರಿಸುವ ತಂತ್ರಾಂಶ ಕೆತ್ತುವವನ ಫೋನಿನಲ್ಲಿ ಇರುವುದಿಲ್ಲ ಎಂಬುದೊಂದನ್ನು ಮಾತ್ರ ಮಹಾಪಂಡಿತ ಮರೆತಿದ್ದ.

ಸೋದರಮಾವ ಕನ್ನಡಕ ಏರಿಸಿಕೊಂಡು ಕಲ್ಲಿನ ಹತ್ತಿರ ಹೋದರು. “ಏನೋ ಇದು, ನಿನ್ನ ಹೆಸರಿಗೆ ನಕ್ಷತ್ರ ಹಾಕ್ಸಿದೀಯ? ಜಾಹೀರಾತಲ್ಲಿ ಹಾಕ್ತಾರಲ್ಲ, ಷರತ್ತುಗಳು ಅನ್ವಯಿಸುತ್ತವೆ ಅಂತ, ಹಾಗಾ? ಮತ್ತೆ ಷರತ್ತು ಎಲ್ಲಿ? ಕೆಳಗೇನೂ ಕಾಣ್ತಿಲ್ವಲ್ಲೋ!”

ಹಿಂದಿನಿಂದ ಯಾರೋ ಕಿಸಕ್ಕೆಂದರು. ಹ್ಯಾಶಣ್ಣ ಪಕ್ಕದಲ್ಲೇ ನಿಂತಿದ್ದ ಕಲ್ಲು ಕೆತ್ತುವವನ ಮೇಲೆ ಹರಿಹಾಯ್ದ. “ತಲೆ ಇದೆಯೇನ್ರೀ ನಿಮಗೆ? ಗುರುತುಗಳನ್ನೆಲ್ಲ ಯಾರಾದ್ರೂ ಕೆತ್ತುತ್ತಾರಾ?”

“ನೀವೇ ಹೇಳಿದ್ರಲ್ಲ ಸಾರ್, ಒಂದು ಚುಕ್ಕೆನೂ ಬಿಡಬಾರದು ಅಂತ. ಈ ಅಲೆ ನೋಡಿ ಸಾರ್. ತಂಗಿ ಮೇಲೆ ಎಷ್ಟು ಪ್ರೀತಿ ಇದ್ರೆ ಅಣ್ಣ ಆದವನು ಹೀಗೆ ಬರೆದು ಕಳಿಸ್ತಾನೆ ಅನ್ನಿಸ್ತು. ಅದಕ್ಕೇ ಆ ಸಾಲಿಗೆ ಮಾತ್ರ ಬಂಗಾರದ ಬಣ್ಣ ತುಂಬಿದೀನಿ.”

“ಕೀಳ್ರೀ ಇದನ್ನ! ಬೇರೆ ಮಾಡಿ!”

“ಮಾಡೋಣ ಸಾರ್. ಯಾವ ಗುರುತಿಗೆ ಏನರ್ಥ ಅಂತ ಎಲ್ಲರ ಎದುರಿಗೇ ಒಂದ್ಸಲ ಹೇಳ್ಬಿಡಿ. ಆಮೇಲೆ ತಪ್ಪು ನನ್ನ ಮೇಲೆ ಬರೋದು ಬೇಡ.”

ಆ ಪಾಠವನ್ನು ಯಾರಾದರೂ ತಾವಾಗಿಯೇ ಬಾಯಿ ಬಿಟ್ಟು ಕೇಳಿದ್ದು ಹ್ಯಾಶಣ್ಣನ ಜೀವನದಲ್ಲೇ ಇದು ಮೊದಲು. ಹ್ಯಾಶ್ ಅಂದರೆ ಶೀರ್ಷಿಕೆ ಎಂದ. ನಕ್ಷತ್ರ ಅಂದರೆ ದಪ್ಪಕ್ಷರ ಎಂದ. ಅಲೆಯ ಹತ್ತಿರ ಬಂದವನು ಸುತ್ತ ಒಮ್ಮೆ ಕಣ್ಣು ಹಾಯಿಸಿದ. ನೆರೆದವರೆಲ್ಲ ಅಮ್ಮನ ಕೈಯಿಂದ ಪುಸ್ತಕ ಪಡೆದು ಓದಿದವರು. ಕೊನೆಗಾಲದಲ್ಲಿ ಆಕೆಯ ಹಾಸಿಗೆಯ ಬಳಿ ಯಾರಿದ್ದರು, ಯಾರಿರಲಿಲ್ಲ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ.

“ಅಲೆ... ಅದು ಸುಮ್ನೆ, ಅಲಂಕಾರಕ್ಕೆ.”

“ಹಾಗಾದ್ರೆ ಕಲ್ಲು ಇದ್ದ ಹಾಗೇ ಇರ್ಲಿ ಬಿಡೋ,” ಎಂದರು ಮಾವ. “ಇಡೀ ಕಲ್ಲಲ್ಲಿ ಚೆನ್ನಾಗಿರೋದು ಆ ಅಲೆ ಒಂದೇ.”

ಎಲ್ಲರೂ ಹೌದೆಂದು ತಲೆಯಾಡಿಸಿದರು. ನಿಂತಿದ್ದ ಚಪ್ಪಾಳೆ ಮತ್ತೆ ಶುರುವಾಯಿತು.

ತಂಗಿ ಇಷ್ಟು ಹೊತ್ತೂ ಜನರ ಹಿಂದೆ ನಿಂತಿದ್ದಳು. ಹತ್ತಿರ ಬಂದು ತನ್ನ ಹೆಸರಿನ ಪಕ್ಕದ ಅಲೆಯ ಮೇಲೆ ಬೆರಳಾಡಿಸಿದಳು. ಕಣ್ಣು ತುಂಬಿತ್ತು. ಹ್ಯಾಶಣ್ಣನಿಗೆ ಹೋದ ಜೀವ ಬಂತು. ಸದ್ಯ, ನಂಬಿಬಿಟ್ಟಳು!

“ಅಣ್ಣ,” ಎಂದಳು, ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. “ಆಸ್ಪತ್ರೇಲಿ ನೀನು ಪಾಠ ಹೇಳ್ತಿದ್ದಾಗ ಇವರು ಗಾಢ ನಿದ್ದೇಲಿದ್ರು. ಪಕ್ಕದಲ್ಲಿ ಕೂತು ಪೂರ್ತಿ ಕೇಳಿಸಿಕೊಂಡಿದ್ದು ನಾನು.”