ಸೇಫ್ಟಿಗೊಂದು ಟೇಕ್

ಮಂದಾಕಿನಿ ಮತ್ತೆ ಮಣಿಕಟ್ಟಿನ ದುಃಖದ ಮೀಟರನ್ನು ನೋಡಿಕೊಂಡಳು. ದಿನಕ್ಕೆ ಸಿಗುವ ನೂರರಲ್ಲಿ ಇನ್ನು ಮೂವತ್ತೇ ಉಳಿದಿತ್ತು. ಸೀರಿಯಲ್ ಅತ್ತೆಯ ಸಾವಿಗೆ ಎಪ್ಪತ್ತು ಸುರಿದಾಗಿತ್ತು. ಮಿಕ್ಕದ್ದು ಸಂಜೆಯ ರೆಕಾರ್ಡಿಂಗಿಗೆ; ಹೋದ ವರ್ಷ ತೀರಿಕೊಂಡ ಅಮ್ಮನ ಮೇಲೆ ತಾನೇ ಕಟ್ಟಿದ ಹಾಡಿಗೆ.

"ಸೂಪರ್ ಮೇಡಂ! ಸೇಫ್ಟಿಗೆ ಇನ್ನೊಂದು ಟೇಕ್," ಎಂದರು ನಿರ್ದೇಶಕರು.

"ಸಾರ್, ಹಾಡೋದಕ್ಕೆ ಏನೂ ಉಳಿಯಲ್ಲ..."

"ಒಂದೇ ಒಂದು. ನಿಮ್ಮ ಅಮ್ಮನ್ನ ನೆನೆಸ್ಕೊಳ್ಳಿ."

ಪಾತ್ರ ಕೈತಪ್ಪೀತೆಂಬ ಅಂಜಿಕೆಯಲ್ಲಿ ನೆನೆಸಿಕೊಂಡಳು. ಹಾಳು ಮೀಟರು ಸೊನ್ನೆಗಿಳಿಯಿತು.

ಸಂಜೆ ಮೈಕಿನ ಮುಂದೆ ಶ್ರುತಿ ತಪ್ಪಲಿಲ್ಲ, ತಾಳವೂ ತಪ್ಪಲಿಲ್ಲ. "ಎಲ್ಲಾ ಕರೆಕ್ಟಾಗಿದೆ," ಎಂದ ಸೌಂಡ್ ಇಂಜಿನಿಯರ್, ತಲೆ ಎತ್ತದೆ. ಹೊರಬಂದು ಫೋನ್ ತೆರೆದರೆ ನಿರ್ದೇಶಕರ ಮೆಸೇಜು: "ಮೊದಲನೇ ಟೇಕನ್ನೇ ಇಟ್ಕೊಂಡ್ವಿ ಮೇಡಂ."

ಬೇಸರಪಟ್ಟುಕೊಳ್ಳಲು ನೋಡಿದಳು. ಆಗಲಿಲ್ಲ.